ಎತ್ತು, ಹೋರಿ, ಷಂಡ: ಬೀಜ ಒಡೆದ ಪಶುವಿನ ಹೆಸರು

ಉತ್ತರ ಕ್ಯಾರೊಲಿನಾದ ರಾಲಿ ನಗರದಲ್ಲಿ ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ರಾಜ್ಯ ಜಾತ್ರೆಯಲ್ಲಿ ‘ಸ್ಟಿಯರ್’ಗಳ ಪ್ರದರ್ಶನವೂ ಇರುತ್ತದೆ. ಅಲ್ಲಿಗೆ ಹೋದ ಕನ್ನಡಿಗರು ಅವನ್ನು ಮಕ್ಕಳಿಗೆ ‘ಎತ್ತು’ ಎಂದು ತೋರಿಸುವುದು ಸಹಜ. ಎರಡೂ ಬೀಜ ಒಡೆದ ಗಂಡುಗಳೇ. ಆದರೂ ಪದಗಳು ಸಮಾನವಲ್ಲ. ಸ್ಟಿಯರ್ ಮಾಂಸಕ್ಕಾಗಿ ಬೆಳೆಸಿದ ಪಶು, ಎತ್ತು ನೊಗಕ್ಕೆ ಪಳಗಿದುದು. ಇಂಗ್ಲಿಷಿನ ‘ಆಕ್ಸ್’ ಎಂಬುದೇ ಎತ್ತಿಗೆ ಸಮೀಪ. ಹಳೆಯ ಪಠ್ಯದ ಎತ್ತನ್ನು ‘ಬುಲ್’ ಎಂದು ಅನುವಾದಿಸಿದರಂತೂ ಉಳುವ ಪಶುವಿನ ಜಾಗದಲ್ಲಿ ಗೂಳಿ ಬಂದು ನಿಲ್ಲುತ್ತದೆ.

‘ಎತ್ತು’ ಶಬ್ದದ ಮೂಲದಲ್ಲಿ ಬೀಜ ಒಡೆದ ಅರ್ಥವಿದ್ದಂತೆ ಕಾಣುವುದಿಲ್ಲ. ಇದರ ಜ್ಞಾತಿಶಬ್ದವಾದ ತಮಿಳಿನ ‘ಎರುದು’ ಗೂಳಿಗೂ ಸಲ್ಲುತ್ತದೆ, ಎತ್ತಿಗೂ ಸಲ್ಲುತ್ತದೆ. ಕನ್ನಡದಲ್ಲಿ ಗೂಳಿ, ಹೋರಿ, ಬಸವ ಎಂಬ ಹೆಸರುಗಳು ಜೊತೆಗಿದ್ದುದರಿಂದ ಎತ್ತಿನ ಅರ್ಥ ನೊಗದ ಕಡೆಗೆ ಕುಗ್ಗಿತೆಂದು ನನ್ನ ಊಹೆ. ಹೋರಿಯ ಗಡಿ ಮಾತ್ರ ಇಂದಿಗೂ ಸಡಿಲ. ಕೋಶವು ಎಳೆಯ ಗಂಡು ಎಂದರೂ ಹಾವೇರಿಯ ಹೋರಿ ಹಬ್ಬದಲ್ಲಿ ಓಡುವುದು ಬಲಿತ ಪಶುವೇ. ಇವೆಲ್ಲ ಕನ್ನಡದಲ್ಲಿ ನಪುಂಸಕಲಿಂಗದ ಶಬ್ದಗಳಾದುದರಿಂದ ಕ್ರಿಯಾಪದ ನಮಗೆ ನೆರವಾಗುವುದಿಲ್ಲ, ನಾಮಪದವೊಂದೇ ಸಾಕ್ಷಿ.

ಕ್ರಿಯೆಯನ್ನು ಹೇಳುವ ಮಾತು ಎರಡು ಬಗೆ. ‘ಬೀಜ ಒಡೆ’ ಎಂಬುದು ಅಚ್ಚಗನ್ನಡ. ಕತ್ತರಿಸದೆ ಜಜ್ಜುವ ಹಳೆಯ ವಿಧಾನವನ್ನು ‘ಒಡೆ’ ಧಾತುವೇ ಹೇಳುತ್ತದೆ. ಇಂದು ಪಶುವೈದ್ಯರು ಬಳಸುವ ಬರ್ಡಿಜೋ ಇಕ್ಕಳವೂ ಚರ್ಮವನ್ನು ಕೊಯ್ಯುವುದಿಲ್ಲ, ಒಳಗಿನ ನಾಳವನ್ನು ಅದುಮುತ್ತದೆ. ‘ಖಸಿ ಮಾಡು’ ಎಂಬುದರ ಮೊದಲ ಪದ ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು. ಆಡುಮಾತಿನಲ್ಲಿ ಮಹಾಪ್ರಾಣ ಬಿದ್ದು ‘ಕಸಿ’ಯಾದರೆ ಗಿಡಕ್ಕೆ ಕಸಿ ಕಟ್ಟುವ ಮಾತಿನೊಡನೆ ಬೆರೆಯುತ್ತದೆ. ಒಂದು ಸಂತತಿಯನ್ನು ತಡೆಯುವುದು, ಇನ್ನೊಂದು ಬೆಳೆಸುವುದು!

ಹಳೆಯ ಪಠ್ಯಗಳ ಓದುಗ ಹೆಚ್ಚು ಎಚ್ಚರದಿಂದಿರಬೇಕಾದುದು ‘ಷಂಡ’ದ ಬಳಿ. ಇಂದಿನ ಕನ್ನಡದಲ್ಲಿ ಅದು ಬೈಗುಳ, ಪುರುಷತ್ವವಿಲ್ಲದವನು ಎಂದರ್ಥ. ಸಂಸ್ಕೃತದಲ್ಲಿ ಡಕಾರದ ‘ಷಂಡ’ಕ್ಕೆ ಸಮೂಹ ಎಂಬ ಅರ್ಥವುಂಟು: ಪದ್ಮಷಂಡವೆಂದರೆ ತಾವರೆಗಳ ಗುಂಪು. ಸ್ವೇಚ್ಛೆಯಾಗಿ ಬಿಟ್ಟ ಗೂಳಿ ಎಂಬ ಅರ್ಥವೂ ಉಂಟು. ನಮ್ಮ ಊರುಗಳಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಬಸವನಂತೆ. ನಪುಂಸಕನನ್ನು ಹೇಳುವುದು ಢಕಾರದ ‘ಷಂಢ’. ಇವುಗಳ ಪಕ್ಕದಲ್ಲಿಯೇ ‘ಸಾಂಡ’ ಎಂಬ ವೈದಿಕ ಶಬ್ದವಿದೆ: ಸ, ಅಂಡ ಸೇರಿ ‘ಬೀಜಸಹಿತ’. ಹಿಂದಿಯಲ್ಲಿ ಗೂಳಿಗೆ ‘ಸಾಂಡ್’ ಎನ್ನುವುದು ಇದರಿಂದಲೇ. ಹೀಗೆ ಬಹುತೇಕ ಒಂದೇ ಉಲಿಯಲ್ಲಿ ಬೀಜವುಳ್ಳದ್ದೂ ಇಲ್ಲದ್ದೂ ಅಡಗಿವೆ. ಡ, ಢ ಅಕ್ಷರಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಲಿಪಿಕಾರ ಅದನ್ನು ಬಿಟ್ಟಿದ್ದರೆ ನಾವು ನೋಡಬೇಕಾದುದು ಅಕ್ಷರವನ್ನಲ್ಲ, ಸುತ್ತಲಿರುವುದು ಕೊಳವೋ, ಮಂದೆಯೋ, ಅಂತಃಪುರವೋ ಎಂಬುದನ್ನು.