ಲೋಳೆಯ ಪೊರೆಯಲ್ಲಿ ಅಡಗುವ ರೋಗಕ್ರಿಮಿಗಳು

ಕರೆಯುವ ಹಸುವಿಗೆ ಕೆಚ್ಚಲು ಬಾವು ತಗುಲಿ, ಔಷಧದಿಂದ ಊತವಿಳಿದು ಹಾಲು ಸರಿಹೋದ ಮೇಲೆಯೂ, ಕೆಲವು ವಾರಗಳ ತರುವಾಯ ಅದೇ ಮೊಲೆಯಲ್ಲಿ ರೋಗವು ಮರಳಿ ತಲೆದೋರುವುದನ್ನು ಅನೇಕರು ಕಂಡಿರಬಹುದು. ಔಷಧವು ಕೆಟ್ಟದ್ದೆಂದಾಗಲಿ ದೃಷ್ಟಿ ತಾಕಿತೆಂದಾಗಲಿ ಎಣಿಸುವುದಕ್ಕೆ ಮೊದಲು ಇದರ ಕಾರಣವನ್ನು ತಿಳಿಯುವುದು ಲೇಸು.

ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಕ್ರಿಮಿಗಳು ಯಾವಾಗಲೂ ಒಂಟೊಂಟಿಯಾಗಿ ಇರುವುದಿಲ್ಲ. ಅನೇಕ ವೇಳೆ ಅವು ಒಂದೆಡೆ ಅಂಟಿಕೊಂಡು, ತಾವೇ ಒಸರುವ ಲೋಳೆಯಲ್ಲಿ ಹುದುಗಿ, ಗುಂಪಾಗಿ ನೆಲೆಸುತ್ತವೆ. ಈ ಪೊರೆಗೆ ಬಯೋಫಿಲ್ಮ್ ಎಂದು ಹೆಸರು. ನೀರಿನ ತೊಟ್ಟಿಯ ಒಳಮೈಗೆ ಹತ್ತಿದ ಲೋಳೆಯು ಎಷ್ಟು ಕೊಡ ನೀರು ಸುರಿದರೂ ಹೋಗದೆ, ತೆಂಗಿನ ನಾರಿನಿಂದ ಉಜ್ಜಿದಾಗಲೇ ಬಿಡುವುದಷ್ಟೆ. ದೇಹದೊಳಗಿನ ಪೊರೆಯೂ ಹಾಗೆಯೇ ಮೊಂಡಾದುದು. ಔಷಧವು ಅದರೊಳಕ್ಕೆ ನಿಧಾನವಾಗಿ ಇಳಿಯುವುದು. ತಳದ ಕ್ರಿಮಿಗಳಾದರೋ ಆಹಾರವೂ ಆಮ್ಲಜನಕವೂ ಸಾಲದೆ, ಬೆಳೆಯದೆ, ನಿದ್ರಿಸಿದಂತಿರುವುವು. ಅನೇಕ ಆಂಟಿಬಯೋಟಿಕ್ ಔಷಧಗಳು ಬೆಳೆಯುತ್ತಿರುವ ಕ್ರಿಮಿಯನ್ನೇ ಚೆನ್ನಾಗಿ ಕೊಲ್ಲುವುದರಿಂದ, ಮಲಗಿದವು ಉಳಿದುಕೊಂಡು ಮತ್ತೆ ರೋಗವನ್ನುಂಟುಮಾಡುತ್ತವೆ. ಕೆಚ್ಚಲು ಬಾವಿಗೆ ಕಾರಣವಾದ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಕ್ರಿಮಿಯು ಇಂತಹ ಪೊರೆಯನ್ನು ಕಟ್ಟಬಲ್ಲುದು.

ಈ ಪೊರೆಯನ್ನು ಶಬ್ದದಿಂದ ಭೇದಿಸಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸಿರುವರು. ಸೆಕೆಂಡಿಗೆ ಸುಮಾರು 20,000 ಕಂಪನಗಳಿಗೆ ಮೀರಿದ ಶಬ್ದವು ಮನುಷ್ಯನ ಕಿವಿಗೆ ಕೇಳಿಸದು; ಇದೇ ಅಲ್ಟ್ರಾಸೌಂಡ್. ಅಮೆರಿಕೆಯ ಬ್ರಿಗ್‌ಹ್ಯಾಂ ಯಂಗ್ ವಿಶ್ವವಿದ್ಯಾನಿಲಯದ ವಿಲಿಯಂ ಪಿಟ್ ಮತ್ತು ಅವರ ಸಂಗಡಿಗರು 1994ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಜೆಂಟಾಮೈಸಿನ್ ಔಷಧವೂ ಶಬ್ದವೂ ಬೇರೆ ಬೇರೆಯಾಗಿ ಕ್ರಿಮಿಗಳನ್ನು ಕೊಲ್ಲಲಾರದಷ್ಟು ಅಲ್ಪಪ್ರಮಾಣದಲ್ಲಿದ್ದರೂ, ಎರಡೂ ಕೂಡಿದಾಗ ಕೆಲವು ಜಾತಿಯ ಕ್ರಿಮಿಗಳು ಬಹುವಾಗಿ ನಾಶವಾದುವು. 1999ರಲ್ಲಿ ಮೊಲಗಳ ಚರ್ಮದಡಿಯಲ್ಲಿಟ್ಟ ಈ. ಕೋಲಿ ಕ್ರಿಮಿಯ ಪೊರೆಯ ಮೇಲೆಯೂ ಇಂತಹುದೇ ಫಲ ಕಂಡುಬಂದಿತು. ಶಬ್ದದ ಅಲೆಗಳಿಂದ ದ್ರವದೊಳಗಿನ ಅತಿಸಣ್ಣ ಗುಳ್ಳೆಗಳು ಹಿಗ್ಗಿ ಕುಗ್ಗುತ್ತ ಸುತ್ತಲಿನ ದ್ರವವನ್ನು ಕಲಕುವುದರಿಂದ ಔಷಧಕ್ಕೆ ಒಳದಾರಿಯಾಗುವುದೆಂದು ಭಾವಿಸಲಾಗಿದೆ.

ಆದರೆ ಎಲ್ಲ ಕ್ರಿಮಿಗಳಿಗೂ ಎಲ್ಲ ಔಷಧಗಳಿಗೂ ಈ ಫಲವು ಒಂದೇ ತೆರನಲ್ಲ. ಶಬ್ದವು ಪ್ರಬಲವಾದರೆ ಮಾಂಸಚರ್ಮಗಳು ಕಾದು ಗಾಯವಾಗುವ ಸಂಭವವೂ ಉಂಟು. ಇದು ಇನ್ನೂ ಕೊಟ್ಟಿಗೆಯ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಆದುದರಿಂದ ಯಂತ್ರವನ್ನು ತೋರಿಸಿ ರೋಗವನ್ನು ಗುಣಪಡಿಸುವೆವೆಂದು ಹೇಳಿಕೊಂಡು ಬರುವವರಿಗೆ ಹಣ ತೆರಬಾರದು.

ರೈತರ ಕೈಯಲ್ಲಿರುವ ಉಪಾಯಗಳು ಬೇರೆ ಇವೆ. ಹಾಲಿನ ಪಾತ್ರೆಗಳನ್ನು ಬರಿದೆ ತೊಳೆಯದೆ, ಉಜ್ಜಿ, ಬಿಸಿನೀರಿನಲ್ಲಿ ಜಾಲಿಸಿ ಬಿಸಿಲಿಗೆ ಒಣಗಿಸತಕ್ಕದ್ದು. ರೋಗದ ಹಸುವನ್ನು ಕಡೆಯಲ್ಲಿ ಕರೆಯತಕ್ಕದ್ದು. ಬಾವಿನ ಮೊದಲ ಗುರುತು ಕಂಡಕೂಡಲೇ ಪಶುವೈದ್ಯರನ್ನು ಕರೆಯಿಸಿ, ಊತವಿಳಿಯಿತೆಂದು ಔಷಧವನ್ನು ನಡುವೆ ನಿಲ್ಲಿಸದೆ, ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿಸತಕ್ಕದ್ದು. ಅವರು ಗೊತ್ತುಮಾಡಿದ ಅವಧಿಯವರೆಗೆ ಆ ಹಾಲನ್ನು ಮಾರಲೂ ಕುಡಿಯಲೂ ಆಗದು. ಔಷಧ ಬೆರೆತ ಹಾಲು ಸರಿಯಾಗಿ ಹೆಪ್ಪುಗಟ್ಟದಿರುವುದೂ ಉಂಟು.

ಒಮ್ಮೆ ಗಡ್ಡೆಕಟ್ಟಿ ಬತ್ತಿದ ಮೊಲೆಯು ಮರಳಿ ಹಾಲುಕೊಡುವುದು ದುರ್ಲಭ. ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮ ಕೊಟ್ಟಿಗೆಗಳಲ್ಲಿ ಈ ಕ್ರಮಗಳನ್ನು ನಡೆಸಿ ತೋರಿಸಿದರೆ, ಒಂದೇ ಹಸುವನ್ನು ನಂಬಿರುವ ಬಡ ಒಕ್ಕಲು ಅದನ್ನು ಕಂಡು ಅನುಸರಿಸುವನು.