ಕೆರೆ ಬತ್ತಿತು, ಬಟ್ಟೆ ಒಣಗಿತು, ಬೆವರು ಆರಿತು: ನೀರು ಹೋಗಿದ್ದೆಲ್ಲಿಗೆ?

ತುಮಕೂರಿನಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ನಾಲ್ಕನೇ, ಐದನೇ ಕ್ಲಾಸಿಂದು: ನೀರಿನ ಮೂರು ಸ್ಥಿತಿ. "ಇದು ನಮಗ್ಯಾಕೆ" ಅಂತ ಸ್ಕಿಪ್ ಮಾಡ್ಬೇಡಿ. ನಿಮ್ಮಲ್ಲಿ ಸಂಜೆ ಟ್ಯೂಷನ್ ಮಾಡೋರು ಇರಬಹುದು, ಡಿ.ಎಡ್., ಬಿ.ಎಡ್. ಓದ್ತಿರೋರು ಇರಬಹುದು, ಅತಿಥಿ ಶಿಕ್ಷಕರಾಗಿ ಸ್ಕೂಲಿಗೆ ಹೋಗ್ತಿರೋರು ಇರಬಹುದು. ಇದ್ಯಾವುದೂ ಅಲ್ಲ ಅಂದ್ರೂ, ಹೋಂವರ್ಕ್ ಹಿಡ್ಕೊಂಡು ಬರೋ ತಮ್ಮನೋ, ಅಕ್ಕನ ಮಗಳೋ ಮನೇಲಿ ಇದ್ದೇ ಇರ್ತಾರೆ.

ಅವರನ್ನ "ನೀರಿಗೆ ಎಷ್ಟು ಸ್ಥಿತಿ?" ಅಂತ ಕೇಳಿ ನೋಡಿ. "ಘನ, ದ್ರವ, ಅನಿಲ" ಅಂತ ಒಂದೇ ಉಸಿರಲ್ಲಿ ಹೇಳ್ತಾರೆ. ಈಗ ಎರಡನೇ ಪ್ರಶ್ನೆ ಕೇಳಿ: "ಸ್ಟೀಲ್ ತಟ್ಟೇಲಿ ಒಂದು ಮುಚ್ಚಳ ನೀರು ಹಾಕಿ ಬಿಸಿಲಲ್ಲಿ ಇಟ್ರೆ ಮಧ್ಯಾಹ್ನಕ್ಕೆ ಇರಲ್ಲ. ಎಲ್ಲಿ ಹೋಯ್ತು?" "ಇಂಗೋಯ್ತು ಮಿಸ್", "ಖಾಲಿ ಆಯ್ತು ಸಾರ್", "ಬಿಸಿಲು ಕುಡ್ಕೊಂಡ್ಬಿಡ್ತು". ಇಂಥ ಉತ್ತರಗಳು ಬರುತ್ತೆ. ಮೊದಲನೇ ಪ್ರಶ್ನೆಗೆ ಫುಲ್ ಮಾರ್ಕ್ಸ್ ತಗೊಂಡ ಮಗುನೂ ಇಲ್ಲಿ ನಿಂತುಬಿಡಬಹುದು. ಪಾಠ ಶುರುವಾಗ್ಬೇಕಾದ್ದು ಈ ಎರಡನೇ ಪ್ರಶ್ನೆಯಿಂದ.

ಒಂದೇ ಕೆಲಸ, ನಾಲ್ಕು ಪದ

ನಮ್ಮ ಮಾತನ್ನೇ ಸ್ವಲ್ಪ ಗಮನಿಸಿ. ಬಟ್ಟೆ ಒಣಗುತ್ತೆ. ಬೆವರು ಆರುತ್ತೆ. ಒಲೆ ಮೇಲಿನ ಸಾರು ಬತ್ತುತ್ತೆ. ಗುಬ್ಬಿ ಕಡೆ ಅಡಿಕೆ ಬೇಯಿಸಿ ಅಂಗಳದಲ್ಲಿ ಹರಡ್ತಾರಲ್ಲ, ಅದು ದಿನ ಕಳೆದಂತೆ ಹಗುರ ಆಗುತ್ತೆ. ನಾಲ್ಕು ಜಾಗ, ನಾಲ್ಕು ಕ್ರಿಯಾಪದ. ದೊಡ್ಡವರಿಗೆ ಇದು ಭಾಷೆಯ ಸೊಗಸು. ಆದರೆ ಮಗುವಿನ ತಲೇಲಿ ಇವು ನಾಲ್ಕು ಬೇರೆ ಬೇರೆ ಘಟನೆಗಳು. ನಾಲ್ಕರಲ್ಲೂ ನಡೆಯೋದು ಒಂದೇ, ನೀರು ಕಣ್ಣಿಗೆ ಕಾಣದ ಆವಿಯಾಗಿ ಗಾಳಿ ಸೇರ್ತಿದೆ ಅಂತ ತೋರಿಸೋದೇ ಮೇಷ್ಟ್ರ ಮೊದಲ ಕೆಲಸ.

"ಇಂಗೋದು" ಮಾತ್ರ ಬೇರೆ. ಇಂಗೋದು ಅಂದ್ರೆ ನೀರು ನೀರಾಗೇ ಮಣ್ಣೊಳಗೆ ಇಳಿಯೋದು. ಸ್ಥಿತಿ ಬದಲಾಗಲ್ಲ, ಜಾಗ ಬದಲಾಗುತ್ತೆ. ಈ ಎರಡನ್ನ ಬೇರೆ ಮಾಡೋಕೆ ಸ್ಟೀಲ್ ತಟ್ಟೆ ಸಾಕು. ಮಣ್ಣಿನ ಮೇಲೆ ಒಂದು ಮುಚ್ಚಳ ನೀರು ಹಾಕಿ, ತಟ್ಟೇಲಿ ಒಂದು ಮುಚ್ಚಳ ಹಾಕಿ. ಮಣ್ಣಿನ ನೀರು ಇಂಗಿತು ಅನ್ನಬಹುದು. ಸ್ಟೀಲ್ ಒಳಗೆ ಹೇಗೆ ಇಂಗುತ್ತೆ? ಇಲ್ಲಿ ಉತ್ತರ ಹೇಳ್ಬೇಡಿ, ಕಾಯಿರಿ. ಯಾರಾದ್ರೂ ಒಬ್ಬರು "ಮೇಲಕ್ಕೆ ಹೋಯ್ತಾ?" ಅಂತ ಕೇಳ್ತಾರೆ.

ಆಮೇಲೆ ಇನ್ನೆರಡು ತಟ್ಟೆ ಇಡಿ. ಎರಡಕ್ಕೂ ಸಮ ನೀರು. ಒಂದನ್ನ ನೆರಳಲ್ಲಿ ತೆರೆದಿಡಿ, ಇನ್ನೊಂದನ್ನ ಅದೇ ನೆರಳಲ್ಲಿ ಇನ್ನೊಂದು ತಟ್ಟೆ ಮುಚ್ಚಿಡಿ. ಯಾವುದು ಮೊದಲು ಒಣಗುತ್ತೆ ಅಂತ ಮುಂಚೇನೇ ನೋಟ್ಸಲ್ಲಿ ಬರೆಸಿ. ತೆರೆದದ್ದು ನೆರಳಲ್ಲೂ ಒಣಗುತ್ತೆ, ಬಿಸಿಲು ಬಂದರೆ ಬೇಗ ಆಗುತ್ತೆ ಅಷ್ಟೆ. ಕುದಿಸಿದರೆ ಮಾತ್ರ ಆವಿ ಅನ್ನೋ ತಪ್ಪು ತಿಳುವಳಿಕೆ ಇಲ್ಲೇ ಬಿದ್ದುಹೋಗುತ್ತೆ.

ಬಿಳಿ ಹೊಗೆ ಆವಿ ಅಲ್ಲ

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಗೊತ್ತಲ್ಲ. ಇಡ್ಲಿ ಪಾತ್ರೆ ಮುಚ್ಚಳ ತೆಗೆದ ತಕ್ಷಣ ಬಿಳಿ ಮೋಡ ಎದ್ದು ಬರುತ್ತೆ. ಮಕ್ಕಳು ಅದನ್ನ "ಹೊಗೆ" ಅಂತಾರೆ, ನಾವು "ಆವಿ" ಅಂತ ತಿದ್ದುತ್ತೀವಿ. ನಿಜ ಹೇಳ್ಬೇಕಂದ್ರೆ ಎರಡೂ ಸರಿ ಇಲ್ಲ. ನೀರಾವಿ ಕಣ್ಣಿಗೆ ಕಾಣಲ್ಲ. ಬಿಳಿಯಾಗಿ ಕಾಣೋದು, ಆವಿ ಹೊರಗಿನ ತಣ್ಣನೆ ಗಾಳಿಗೆ ಸಿಕ್ಕಿ ಮತ್ತೆ ನೀರಾದ ಸಣ್ಣ ಸಣ್ಣ ಹನಿಗಳು. ಚಳಿಗಾಲದ ಬೆಳಗ್ಗೆ ದೇವರಾಯನದುರ್ಗದ ಮೇಲೆ ಕೂತಿರೋ ಮಂಜೂ ಇದೇ, ಆಕಾಶದ ಮೋಡದಲ್ಲಿರೋದೂ ಹೆಚ್ಚಾಗಿ ಇದೇ.

ಇದನ್ನ ತೋರಿಸೋಕೆ ನಿಮ್ಮ ಫೋನ್ ಸಾಕು. ಮೂತಿ ಇರೋ ಕೆಟಲಲ್ಲಿ ನೀರು ಕುದಿಸಿ, ದೂರ ನಿಂತು ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ಮೂತಿಗೂ ಬಿಳಿ ಮೋಡಕ್ಕೂ ನಡುವೆ ಸ್ವಲ್ಪ ಖಾಲಿ ಜಾಗ ಕಾಣುತ್ತೆ. ಆವಿ ಇರೋದು ಆ "ಖಾಲಿ" ಜಾಗದಲ್ಲಿ. ವಿಡಿಯೋ ನೀವು ಮಾಡಿ, ಮಕ್ಕಳಿಗೆ ತೋರಿಸಿ ಸಾಕು. ಮಕ್ಕಳ ಕೈಲಿ ಮಾಡಿಸ್ಬೇಡಿ.

ಯಾಕಂದ್ರೆ ಆವಿ ಸುಡೋದು ಬಿಸಿನೀರಿಗಿಂತ ಜೋರು. ರೂಮಿನ ಬಿಸಿಯಲ್ಲಿರೋ 1 ಗ್ರಾಂ ನೀರನ್ನ ಕುದಿಯೋ ಮಟ್ಟಕ್ಕೆ ತರೋಕೆ ಸುಮಾರು 300 ಜೂಲ್ ಶಾಖ ಬೇಕು. ಕುದಿಯೋ ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಇನ್ನೂ ಸುಮಾರು 2,260 ಜೂಲ್, ಅಂದ್ರೆ ಏಳು ಪಟ್ಟಿಗಿಂತ ಜಾಸ್ತಿ. ಆವಿ ತಣ್ಣಗಿರೋ ಹಿಟ್ಟಿಗೆ ತಾಗಿ ಮತ್ತೆ ನೀರಾದಾಗ ಆ ಶಾಖನೆಲ್ಲ ಅಲ್ಲೇ ಬಿಟ್ಟುಕೊಡುತ್ತೆ, ಇಡ್ಲಿ ಬೇಯುತ್ತೆ. ಕೈಗೆ ತಾಗಿದ್ರೂ ಹಾಗೇ ಬಿಟ್ಟುಕೊಡುತ್ತೆ. ಈ ಸಂಖ್ಯೆ ಮಕ್ಕಳಿಗೆ ಬೇಡ, ನಿಮಗೆ ಗೊತ್ತಿರಲಿ.

ಕುದಿಯೋ ನೀರಿನ ಗುಳ್ಳೆ ಬಗ್ಗೆನೂ ಕೇಳಿ: ಒಳಗೆ ಏನಿದೆ? 1983ರಲ್ಲಿ ರೋಜರ್ ಆಸ್ಬೋರ್ನ್ ಮತ್ತು ಮಾರ್ಕ್ ಕಾಸ್‌ಗ್ರೋವ್ ನ್ಯೂಜಿಲೆಂಡ್‌ನಲ್ಲಿ ಮಕ್ಕಳಿಗೆ ಇದೇ ಪ್ರಶ್ನೆ ಕೇಳಿ ಪ್ರಬಂಧ ಬರೆದರು. ಗಾಳಿ, ಶಾಖ, ಆಕ್ಸಿಜನ್-ಹೈಡ್ರೋಜನ್ ಅಂತೆಲ್ಲ ಉತ್ತರ ಬಂತು, ಹೈಸ್ಕೂಲ್ ವಯಸ್ಸಿನವರಿಂದಲೂ. ಬಿಸಿ ಮಾಡೋಕೆ ಶುರು ಮಾಡಿದಾಗ ತಳದಲ್ಲಿ ಕಾಣೋ ಸಣ್ಣ ಗುಳ್ಳೆಗಳಲ್ಲಿ ಇರೋದು ನೀರಲ್ಲಿ ಕರಗಿದ್ದ ಗಾಳಿ, ಅದು ಹೌದು. ಆದರೆ ತಳಮಳ ಕುದಿಯುವಾಗ ಏಳೋ ದೊಡ್ಡ ಗುಳ್ಳೆ ತುಂಬ ನೀರಾವಿ. ನೀರು ಒಡೆದು ಬೇರೆ ಏನೋ ಆಗಿಲ್ಲ, ನೀರು ನೀರೇ.

ಇನ್ನೊಂದು ವಿಷಯ. ನಿಮ್ಮ ಹತ್ರ ಲ್ಯಾಬ್ ಥರ್ಮಾಮೀಟರ್ ಇದ್ರೆ, ತುಮಕೂರಲ್ಲಿ ಕುದಿಯೋ ನೀರು 100 ಡಿಗ್ರಿ ತೋರಿಸಲ್ಲ, 97ರ ಆಸುಪಾಸು ತೋರಿಸುತ್ತೆ. ಥರ್ಮಾಮೀಟರ್ ಕೆಟ್ಟಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಒತ್ತಡ ಕಮ್ಮಿ, ಅದಕ್ಕೆ ಬೇಗ ಕುದಿಯುತ್ತೆ. ಮಗು "97" ಅಂತ ಬರೆದ್ರೆ ದಯವಿಟ್ಟು ತಪ್ಪು ಹಾಕ್ಬೇಡಿ.

ತಣ್ಣನೆ ಬಾಟಲ್ ಬೆವರೋದ್ಯಾಕೆ?

ಫ್ರಿಜ್ಜಿಂದ ತೆಗೆದ ಬಾಟಲ್ ಹೊರಗೆ ಹನಿ ಕೂರುತ್ತೆ. "ಒಳಗಿನ ನೀರು ಸೋರಿದೆ" ಅಂತ ಮಕ್ಕಳು ಹೇಳಿದ್ರೆ ಬೈಬೇಡಿ, ಅದು ಒಳ್ಳೇ ಊಹೆ. ಪರೀಕ್ಷೆ ಮಾಡೋಣ ಅನ್ನಿ. ಕಾಮರ್ಸ್ ಓದಿರೋ ನನಗೆ ಈ ಪ್ರಯೋಗ ತುಂಬ ಇಷ್ಟ, ಯಾಕಂದ್ರೆ ಇದು ಶುದ್ಧ ಲೆಕ್ಕ.

1 ಗ್ರಾಂವರೆಗೆ ತೋರಿಸೋ ಅಡುಗೆಮನೆ ತಕ್ಕಡಿ ತಗೊಳ್ಳಿ. ಐಸ್ ಮತ್ತು ನೀರು ತುಂಬಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಬಾಟಲನ್ನ ಒರೆಸಿ ತೂಗಿ. ಹಾಗೇ ತಕ್ಕಡಿ ಮೇಲೆ ಇಪ್ಪತ್ತು ನಿಮಿಷ ಬಿಡಿ. ನೀರು ಒಳಗಿಂದ ಸೋರಿದ್ರೆ ಒಟ್ಟು ತೂಕ ಅಷ್ಟೇ ಇರ್ಬೇಕು, ಎಡಗಡೆ ಜೇಬಿಂದ ಬಲಗಡೆ ಜೇಬಿಗೆ ದುಡ್ಡು ಹೋದ ಹಾಗೆ. ಆದರೆ ತೂಕ ಜಾಸ್ತಿ ಆಗಿರುತ್ತೆ, ಅಂದ್ರೆ ಹೊರಗಿಂದ ಏನೋ ಜಮಾ ಆಗಿದೆ. ಗಾಳೀಲಿದ್ದ ಕಾಣದ ಆವಿ ತಣ್ಣನೆ ಸ್ಟೀಲಿಗೆ ತಾಗಿ ನೀರಾಗಿದೆ. ಮಳೆಗಾಲದಲ್ಲಿ ಮಾಡಿ, ವ್ಯತ್ಯಾಸ ಚೆನ್ನಾಗಿ ಸಿಗುತ್ತೆ. ತಟ್ಟೆಯಿಂದ ಮಾಯವಾದ ನೀರು ಎಲ್ಲಿ ಸೇರಿತ್ತು ಅನ್ನೋದಕ್ಕೆ ಇದು ರಸೀದಿ.

ಐಸ್‌ಗೂ ಇದೇ ಲೆಕ್ಕ. ನಮ್ಮ ಕಡೆ ಮಕ್ಕಳು ಘನರೂಪದ ನೀರು ನೋಡೋದು ಫ್ರಿಜ್‌ನಲ್ಲಿ, ಐಸ್ ಕ್ಯಾಂಡಿಯಲ್ಲಿ, ಬೇಸಿಗೆ ಮಳೆಗೆ ಅಪರೂಪಕ್ಕೆ ಬೀಳೋ ಆಲಿಕಲ್ಲಲ್ಲಿ. ಐಸನ್ನ ಕವರಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ತೂಗಿ. ಕರಗಿದ ಮೇಲೆ ಹೊರಗಿನ ಹನಿ ಒರೆಸಿ ಮತ್ತೆ ತೂಗಿ. ತೂಕ ಅಷ್ಟೇ. ಬದಲಾಗೋದು ಗಾತ್ರ: ನೀರು ಐಸ್ ಆದಾಗ ಸುಮಾರು 9% ಹಿಗ್ಗುತ್ತೆ. ಅದಕ್ಕೇ ಫ್ರೀಜರಲ್ಲಿ ಮರೆತ ಬಾಟಲ್ ಉಬ್ಬಿರುತ್ತೆ, ಅದಕ್ಕೇ ಐಸ್ ನೀರಲ್ಲಿ ತೇಲುತ್ತೆ.

ಕೆರೆಯ ಜಮಾ-ಖರ್ಚು

ಇಷ್ಟೆಲ್ಲ ಯಾಕೆ ಬೇಕು ಅಂದ್ರೆ, ನಾವಿರೋದು ಕೆರೆ, ಬೋರ್‌ವೆಲ್ ನಂಬಿರೋ ಜಿಲ್ಲೇಲಿ. ತುಮಕೂರಿಗೆ ಅಮಾನಿಕೆರೆ, ಗುಬ್ಬಿ ತಾಲ್ಲೂಕಿಗೆ ಕಡಬದ ಕೆರೆ, ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರೋ ಕುಣಿಗಲ್ ದೊಡ್ಡಕೆರೆ. ಬೇಸಿಗೇಲಿ "ಕೆರೆ ಬತ್ತಿತು" ಅಂತೀವಿ. ಆ ಒಂದು ಪದದೊಳಗೆ ಎಷ್ಟೋ ಖರ್ಚು ಸೇರಿಹೋಗಿದೆ.

ಬೋರ್ಡ್ ಮೇಲೆ ನಡುವೆ ಗೆರೆ ಎಳೀರಿ. ಒಂದು ಕಡೆ ಜಮಾ: ಮಳೆ, ಹಳ್ಳದ ನೀರು, ಕೆಲವು ಕಡೆ ಹೇಮಾವತಿ ನಾಲೆ. ಇನ್ನೊಂದು ಕಡೆ ಖರ್ಚು: ತೂಬಿನಿಂದ ಗದ್ದೆ, ತೋಟಕ್ಕೆ ಹೋದದ್ದು, ಕೋಡಿ ಹರಿದದ್ದು, ನೆಲಕ್ಕೆ ಇಂಗಿದ್ದು, ಆವಿಯಾಗಿದ್ದು. ಇಂಗಿದ್ದು ಪೂರ್ತಿ ನಷ್ಟ ಅಲ್ಲ, ಅದರಲ್ಲಿ ಸುತ್ತಮುತ್ತಲ ಬಾವಿ, ಬೋರ್‌ವೆಲ್ಲಿಗೆ ಸೇರೋ ಪಾಲಿದೆ. ಆವಿಯಾಗಿದ್ದು ಮಳೆಯಾಗಿ ಎಲ್ಲೋ ಬೀಳುತ್ತೆ, ಆದರೆ ನಮ್ಮ ಕೆರೆಗೇ ಬೀಳುತ್ತೆ ಅಂತ ಗ್ಯಾರಂಟಿ ಇಲ್ಲ. ಇಂಗೋದಕ್ಕೂ ಆವಿಯಾಗೋದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಮಗು ದೊಡ್ಡದಾದ ಮೇಲೆ ಈ ಎರಡು ಖರ್ಚನ್ನ ಒಂದೇ ಅಂದ್ಕೊಳ್ಳುತ್ತೆ.

ಲೆಕ್ಕ ಹಾಕಿಸೋದು ಸುಲಭ. ಶಾಲೆ ಅಂಗಳದಲ್ಲಿ ಅಗಲವಾದ ಟಬ್‌ನಲ್ಲಿ ನೀರಿಟ್ಟು, ಒಳಗೊಂದು ಸ್ಕೇಲ್ ನಿಲ್ಲಿಸಿ, ದಿನಾ ಅದೇ ಹೊತ್ತಿಗೆ ಎಷ್ಟು ಮಿಲಿಮೀಟರ್ ಇಳಿದಿದೆ ಅಂತ ಬರೆಸಿ. ಕಾಗೆ, ನಾಯಿ ಕುಡಿಯದ ಹಾಗೆ ಮೇಲೆ ಜಾಲರಿ ಹಾಕಿ. ಒಂದು ಹೆಕ್ಟೇರ್ ಅಂದ್ರೆ 10,000 ಚದರ ಮೀಟರ್. ಅಷ್ಟು ಅಗಲದ ನೀರು 1 ಮಿಲಿಮೀಟರ್ ಇಳಿದ್ರೆ 10,000 ಲೀಟರ್ ಹೋಯ್ತು ಅಂತ ಅರ್ಥ. ದಿನಕ್ಕೆ 5 ಮಿಲಿಮೀಟರ್ ಅಂದ್ಕೊಂಡ್ರೆ 50,000 ಲೀಟರ್, ಅಂದ್ರೆ 5,000 ಲೀಟರ್‌ನ ಹತ್ತು ಟ್ಯಾಂಕರ್. ಟಬ್ ಬೇಗ ಕಾಯುತ್ತೆ, ಕೆರೆ ಅಷ್ಟು ಬೇಗ ಕಾಯಲ್ಲ. ಹಾಗಾಗಿ ಟಬ್ಬಿನ ಅಂಕಿ ಕೆರೇದಕ್ಕಿಂತ ಸ್ವಲ್ಪ ಜಾಸ್ತಿನೇ ಬರುತ್ತೆ, ಅದನ್ನೂ ಮಕ್ಕಳಿಗೆ ಹೇಳಿ.

ಇದೇ ಟಬ್ ಪಕ್ಕ, ಅಷ್ಟೇ ನೀರಿರೋ ಕಿರಿದಾದ ಬಕೆಟ್ ಇಡಿ. ಯಾವುದು ಬೇಗ ಖಾಲಿ? ಅಗಲ ಜಾಸ್ತಿ ಇದ್ದದ್ದು. ಹೂಳು ತುಂಬಿ ಆಳ ಕಳ್ಕೊಂಡ ಕೆರೆ ಕತೆನೂ ಇದೇ: ನೀರು ಕಮ್ಮಿ, ಬಿಸಿಲಿಗೆ ತೆರೆದ ಅಗಲ ಮಾತ್ರ ಹಾಗೇ. ಹೂಳು ಎತ್ತಿ ಅಂತ ಊರವರು ಯಾಕೆ ಕೇಳ್ತಾರೆ ಅನ್ನೋದಕ್ಕೆ ಒಂದು ಕಾರಣ ಐದನೇ ಕ್ಲಾಸಿನ ಮಗುಗೂ ಸಿಕ್ತು.

ಈ ವಾರ ಒಂದೇ ಕೆಲಸ ಮಾಡಿ. ಘನ, ದ್ರವ, ಅನಿಲ ಅಂತ ಬರೆಸೋ ಮುಂಚೆ ಒಂದು ತಟ್ಟೆ, ಒಂದು ಮುಚ್ಚಳ ನೀರು ಇಟ್ಟು "ಎಲ್ಲಿ ಹೋಯ್ತು?" ಅಂತ ಕೇಳಿ. ಬಂದ ಉತ್ತರಗಳನ್ನ ತಿದ್ದದೆ ಹಾಗೇ ವಾಯ್ಸ್ ನೋಟ್ ಮಾಡಿಟ್ಕೊಳ್ಳಿ. ತಿಂಗಳು ಬಿಟ್ಟು ಅದೇ ಮಕ್ಕಳಿಗೆ ಅದೇ ಪ್ರಶ್ನೆ ಮತ್ತೆ ಕೇಳಿ, ಎರಡನ್ನೂ ಅವರಿಗೇ ಕೇಳಿಸಿ. ಏನು ಬದಲಾಗಿದೆ ಅಂತ ಅವರೇ ಹೇಳ್ತಾರೆ. ಮುಂದಿನ ವಾರ ಸಿಗೋಣ.