ಒಂದೇ ಎಂಜಿನ್, ಎರಡು ಓಟ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗದ ಖಟಖಟ ಸದ್ದು ಕೇಳದವರಿಲ್ಲ. ಲಾಳಿ ಒಂದು ತುದಿಗೆ ಹೋಗಿ, ಕ್ಷಣ ನಿಂತು, ಮತ್ತೆ ಹಿಂದಕ್ಕೆ ಓಡಬೇಕು. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಗಾಣದ ಉರುಳೆಗಳಾದರೋ ಒಂದೇ ಸಮನೆ ತಿರುಗುತ್ತವೆ. ಸಾಮಾನ್ಯ ಕಾರಿನ ಎಂಜಿನ್ ಲಾಳಿಯ ಜಾತಿಯದು. ಅದರ ಪಿಸ್ಟನ್ ಹಿಂದೆ ಮುಂದೆ ಓಡಾಡುತ್ತದೆ. ಗಾಣದ ಜಾತಿಯ ಎಂಜಿನ್ನೂ ಒಂದಿದೆ. ಅದೇ ರೋಟರಿ ಎಂಜಿನ್.

ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರ ಈ ಎಂಜಿನ್ 1957ರಲ್ಲಿ ಮೊದಲು ತಿರುಗಿತು. ಎರಡು ಕಾಳಿನ ಶೇಂಗಾಕಾಯಿಯಂತೆ ನಡು ತುಸು ಒಳಸರಿದ ಕೋಣೆ. ಅದರೊಳಗೆ ಉಬ್ಬಿದ ಬದಿಗಳ ತ್ರಿಕೋನ ರೋಟರ್. ಅದು ತಿರುಗುತ್ತಿರುವಾಗಲೇ ಗಾಳಿ-ಪೆಟ್ರೋಲ್ ಮಿಶ್ರಣ ಒಳಬಂದು, ಒತ್ತಲ್ಪಟ್ಟು, ಉರಿದು, ಹೊಗೆಯಾಗಿ ಹೊರಹೋಗುತ್ತದೆ. ನಡುಕ ಕಡಿಮೆ, ತೂಕವೂ ಕಡಿಮೆ.

ತೊಂದರೆ ಇದ್ದದ್ದು ಮೂಲೆಗಳಲ್ಲಿ. ರೋಟರಿನ ಮೂರು ಮೂಲೆಗಳ ಸೀಲುಗಳು ಗೋಡೆಯನ್ನು ಉಜ್ಜಿ ಗೀರುತ್ತಿದ್ದವು. ಜಪಾನಿನ ಮಜ್ದಾ ಕಂಪನಿಯ ಎಂಜಿನಿಯರುಗಳು ಆ ಗೀರುಗಳಿಗೆ ‘ದೆವ್ವದ ಉಗುರಿನ ಗುರುತು’ ಎಂದೇ ಹೆಸರಿಟ್ಟರು. ದೊಡ್ಡ ಕಂಪನಿಗಳಲ್ಲಿ ಲೀನವಾಗುವ ಭೀತಿಯಲ್ಲಿದ್ದ ಮಜ್ದಾ ತನ್ನ ಭವಿಷ್ಯವನ್ನೇ ಈ ಎಂಜಿನ್ನಿನ ಮೇಲೆ ಪಣಕ್ಕಿಟ್ಟಿತ್ತು. ಕೆನಿಚಿ ಯಮಮೊಟೊ ಅವರ ತಂಡ ಇಂಗಾಲದ ಸೀಲು ರೂಪಿಸಿ ದಾರಿ ಕಂಡುಕೊಂಡಿತು.

ಆದರೆ ಜನ ನಂಬಬೇಕಲ್ಲ? 1968ರ ಆಗಸ್ಟ್‌ನಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ 84 ತಾಸಿನ ಓಟಕ್ಕೆ ಎರಡು ‘ಕಾಸ್ಮೊ ಸ್ಪೋರ್ಟ್’ ಕಾರುಗಳು ಇಳಿದವು. 82ನೆಯ ತಾಸಿನಲ್ಲಿ ಒಂದು ಕಾರಿನ ಹಿಂದಿನ ಆಕ್ಸಲ್ ಕೈಕೊಟ್ಟಿತು. ಇನ್ನೊಂದು ನಾಲ್ಕನೆಯದಾಗಿ ಗುರಿ ಮುಟ್ಟಿತು.

ಗೆಲುವಿಗೆ ಇನ್ನೂ 23 ವರ್ಷ ಬೇಕಾಯಿತು. 1991ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ ನಗರದ 24 ತಾಸಿನ ಓಟದಲ್ಲಿ ಮಜ್ದಾದ ‘787ಬಿ’ 362 ಸುತ್ತು ಓಡಿ ಮೊದಲು ಬಂತು. ಸರಾಸರಿ ವೇಗ ತಾಸಿಗೆ 205 ಕಿ.ಮೀ. ಆ ಓಟ ಗೆದ್ದ ಮೊದಲ ಜಪಾನಿ ಕಾರು ಅದೇ. ಕೊನೆಯ ಸರದಿ ಓಡಿಸಿದ ಜಾನಿ ಹರ್ಬರ್ಟ್ ನಿತ್ರಾಣರಾಗಿ ವಿಜಯ ವೇದಿಕೆಯನ್ನೇ ಏರಲಿಲ್ಲ.

ವಿದ್ಯಾರ್ಥಿಗಳು ಎರಡು ಕಾರುಗಳ ಲೆಕ್ಕ ಹಾಕಿ ನೋಡಬಹುದು. ಕಾಸ್ಮೊದಲ್ಲಿ ಎರಡು ರೋಟರ್, 982 ಸಿ.ಸಿ., ಓಟದ ಕಾರಿಗೆ ಸುಮಾರು 130 ಅಶ್ವಶಕ್ತಿ. 787ಬಿಯಲ್ಲಿ ನಾಲ್ಕು ರೋಟರ್, 2616 ಸಿ.ಸಿ., ಸುಮಾರು 700 ಅಶ್ವಶಕ್ತಿ. ಗಾತ್ರ ಮೂರು ಪಟ್ಟೂ ಆಗಿಲ್ಲ, ಶಕ್ತಿ ಐದು ಪಟ್ಟು ಮೀರಿದೆ! ಇಂಗಾಲದ ಬದಲು ಸೆರಾಮಿಕ್ ಸೀಲು, ಪ್ರತಿ ರೋಟರಿಗೆ ಮೂರು ಸ್ಪಾರ್ಕ್ ಪ್ಲಗ್, ವೇಗಕ್ಕೆ ತಕ್ಕಂತೆ ಉದ್ದ ಬದಲಿಸುವ ಗಾಳಿಕೊಳವೆ. ಹೀಗೆ ಒಂದೊಂದೇ ಸುಧಾರಣೆ ಸೇರಿ ಬಂದ ಫಲವಿದು. ಪೆಟ್ರೋಲ್ ಹೆಚ್ಚು ಕುಡಿಯುವ ದೋಷ ಮಾತ್ರ ಪೂರ್ತಿ ಹೋಗಲಿಲ್ಲ.

ಈ ಎಂಜಿನ್ ಕರ್ನಾಟಕಕ್ಕೂ ಹೊಸದಲ್ಲ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಇತರ ಎರಡು ಸಂಸ್ಥೆಗಳೊಡನೆ ಸೇರಿ ರೂಪಿಸಿದ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್, 2009ರ ಏಪ್ರಿಲ್ 5ರಂದು ಕೋಲಾರದ ಬಳಿ ಪೈಲಟ್‌ರಹಿತ ವಿಮಾನ ‘ನಿಶಾಂತ್’ ಅನ್ನು ಹಾರಿಸಿತು. ಅದರ ಒಳಗೋಡೆಗೂ ಸವೆತ ತಡೆಯುವ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪ ಬೇಕಾಯಿತು.

ಮಜ್ದಾದವರು ಗೀರು ಕಂಡಾಗ ಎಂಜಿನ್ ಬಿಸಾಡಲಿಲ್ಲ. ಗೀರು ಏಕೆ ಬಿತ್ತೆಂದು ಕೇಳಿದರು. ಬೀಳಗಿಯ ಶಾಲೆಯಲ್ಲಿ ಲೆಕ್ಕ ತಪ್ಪಿದ ಮಗುವಿಗೂ ತಂದೆ ತಾಯಿ ಕಲಿಸಬೇಕಾದದ್ದು ಆ ಪ್ರಶ್ನೆಯನ್ನೇ.